ದೂರು ಕೊಡೋದಕ್ಕೂ ಮುಂಚೆ: ನಿಮ್ಮ ವಾರ್ಡ್ ಕೆಲಸದಲ್ಲಿ ನೀವೂ ಸೇರ್ಕೊಳ್ಳೋದು ಹೇಗೆ

ಮೋರಿ ಕಟ್ಕೊಂಡು ನೀರು ರಸ್ತೆಗೆ ಬಂದಾಗ, ಬೀದಿ ದೀಪ ಹೋಗಿ ವಾರ ಆದಾಗ, ಕಸದ ಗಾಡಿ ಎರಡು ದಿನ ಬರ್ದೇ ಇದ್ದಾಗ ನಮಗೆಲ್ಲ ನಗರಸಭೆ, ಪಾಲಿಕೆ, ಪಂಚಾಯ್ತಿ ನೆನಪಾಗುತ್ತೆ. ಫೋಟೋ ತೆಗೀತೀವಿ, ವಾಟ್ಸಾಪ್ ಗ್ರೂಪ್‌ಗೆ ಹಾಕ್ತೀವಿ, ಯಾರಾದ್ರೂ ಒಬ್ರು ಸದಸ್ಯರಿಗೆ ಫೋನ್ ಮಾಡ್ತಾರೆ, ಒಬ್ಬ ಲೇಬರ್ ಬಂದು ಕೋಲು ಹಾಕಿ ತಳ್ಳಿ ಹೋಗ್ತಾನೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಇದು ತಪ್ಪು ಅಂತ ಹೇಳ್ತಿಲ್ಲ, ದೂರು ಕೊಡ್ಲೇಬೇಕು. ಆದ್ರೆ ನಿಮ್ಮ ಬೀದಿಗೆ ಈ ವರ್ಷ ಹೊಸ ಮೋರಿ ಬರುತ್ತೋ ಇಲ್ವೋ ಅನ್ನೋದು ಮಳೆಗಾಲದಲ್ಲಿ ತೀರ್ಮಾನ ಆಗಲ್ಲ, ಅದಕ್ಕೂ ಆರು ತಿಂಗಳ ಮುಂಚೆ ಬಜೆಟ್ ಮಾಡುವಾಗ, ಆಮೇಲೆ ಕ್ರಿಯಾ ಯೋಜನೆ, ಅಂದ್ರೆ ಯಾವ ಬೀದಿಗೆ ಯಾವ ಕೆಲಸ ಅನ್ನೋ ಪಟ್ಟಿ, ಮಾಡುವಾಗ ತೀರ್ಮಾನ ಆಗಿ ಹೋಗಿರುತ್ತೆ, ಆ ಹೊತ್ತಲ್ಲಿ ನಮ್ಮ ಕಡೆಯವರು ಯಾರೂ ಅಲ್ಲಿ ಇರಲ್ಲ. ಅದಕ್ಕೇ ಈ ಲೇಖನ, ಆ ಹೊತ್ತಲ್ಲಿ ಅಲ್ಲಿ ಇರೋದು ಹೇಗೆ ಅಂತ ಒಂದೊಂದಾಗಿ ಹೇಳೋಕೆ.

ಮೊದಲು: ಯಾವ ಆಫೀಸು, ಯಾವ ವಾರ್ಡು, ಯಾರ ಕೆಲಸ

ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಅರ್ಧ ಅರ್ಜಿಗಳು ತಪ್ಪು ಟೇಬಲ್‌ಗೆ ಹೋಗಿ ಅಲ್ಲೇ ಸಾಯುತ್ವೆ. ನಮ್ಮ ರಾಜ್ಯದಲ್ಲಿ ಹಳ್ಳಿಗೆ ಗ್ರಾಮ ಪಂಚಾಯಿತಿ, ಸಣ್ಣ ಊರಿಗೆ ಪಟ್ಟಣ ಪಂಚಾಯಿತಿ, ಸ್ವಲ್ಪ ದೊಡ್ಡದಾದ್ರೆ ಪುರಸಭೆ, ಅದಕ್ಕಿಂತ ದೊಡ್ಡದಕ್ಕೆ ನಗರಸಭೆ, 3 ಲಕ್ಷ ಜನಸಂಖ್ಯೆ ದಾಟಿದ್ರೆ ಮಹಾನಗರ ಪಾಲಿಕೆ. ಅಧಿಕಾರಿ ಹೆಸರೂ ಬೇರೆ ಬೇರೆ: ಪಂಚಾಯ್ತಿಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಟ್ಟಣ ಪಂಚಾಯಿತಿ ಪುರಸಭೆಲಿ ಮುಖ್ಯಾಧಿಕಾರಿ, ನಗರಸಭೆಲಿ ಪೌರಾಯುಕ್ತರು, ಪಾಲಿಕೆಲಿ ಆಯುಕ್ತರು. ಬೆಂಗಳೂರಿನವರಿಗೆ 2025ರ ಸೆಪ್ಟೆಂಬರ್‌ನಿಂದ ಎಲ್ಲ ಬದಲಾಗಿದೆ, ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆ ಬಂದಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ, ವಾರ್ಡ್ ಗಡಿಗಳೂ ಹೊಸದಾಗಿ ಆಗಿವೆ. ಹಾಗಾಗಿ ನಿಮ್ಮ ಹಳೆ ವಾರ್ಡ್ ನಂಬರ್ ಹಾಕಿ ಅರ್ಜಿ ಬರೀಬೇಡಿ, ಮೊದಲು ಹೊಸದು ಯಾವುದು ಅಂತ ನೋಡ್ಕೊಳ್ಳಿ.

ಇನ್ನು ಯಾರ ಕೆಲಸ ಅನ್ನೋದು. ಬೆಂಗಳೂರಲ್ಲಿ ಕುಡಿಯೋ ನೀರು, ಯುಜಿಡಿ (ನೆಲದೊಳಗಿನ ಒಳಚರಂಡಿ) ಜಲಮಂಡಳಿದು, ಫೋನ್ ನಂಬರ್ 1916. ಕರೆಂಟ್ ಬೆಸ್ಕಾಂದು, 1912. ಮಳೆನೀರಿನ ಮೋರಿ, ರಸ್ತೆ, ಫುಟ್‌ಪಾತ್, ಬೀದಿ ದೀಪ ಪಾಲಿಕೆದು, 1533. ರಾಜ್ಯದ ಯಾವ ಇಲಾಖೆ ಬಗ್ಗೆ ಆದ್ರೂ ಜನಸ್ಪಂದನ 1902 ಇದೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ನೀರಿನ ಸಪ್ಲೈನೂ ನಗರಸಭೆದೇ ಇರುತ್ತೆ, ಆದ್ರೆ ಹೆದ್ದಾರಿ ಪಕ್ಕದ ಚರಂಡಿ ಲೋಕೋಪಯೋಗಿ ಇಲಾಖೆದು ಆಗಿರಬಹುದು, ಅದನ್ನ ನಗರಸಭೆಗೆ ಎಷ್ಟು ಸಲ ಬರೆದ್ರೂ ಅವರು "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತಾರೆ, ಅದು ನಿಜಾನೂ ಇರುತ್ತೆ.

ವಾರ್ಡ್‌ನ ಜೆಇ (ಜೂನಿಯರ್ ಎಂಜಿನಿಯರ್) ಯಾರು, ಹೆಲ್ತ್ ಇನ್ಸ್‌ಪೆಕ್ಟರ್ ಯಾರು, ಬಿಲ್ ಕಲೆಕ್ಟರ್ ಯಾರು, ವಾಲ್ವ್ ತಿರುಗಿಸೋ ವಾಟರ್‌ಮ್ಯಾನ್ ಯಾರು, ಇಷ್ಟು ಹೆಸರು ಒಂದು ಹಾಳೆಲಿ ಬರ್ಕೊಳ್ಳಿ. ವಾಟರ್‌ಮ್ಯಾನ್‌ಗೆ ಗೊತ್ತಿರೋಷ್ಟು ನಿಮ್ಮ ಬೀದಿ ಪೈಪ್‌ಲೈನ್ ಬಗ್ಗೆ ಯಾವ ಎಂಜಿನಿಯರ್‌ಗೂ ಗೊತ್ತಿರಲ್ಲ, ಅವರನ್ನ ಗೌರವದಿಂದ ಮಾತಾಡ್ಸಿ, ಯಾವ ಲೈನ್ ಯಾವ ವರ್ಷ ಹಾಕಿದ್ದು ಎಲ್ಲಿ ಜಾಯಿಂಟ್ ಇದೆ ಅಂತ ಅವರೇ ಹೇಳ್ತಾರೆ.

ಜನ ಸೇರ್ಸೋದು

ಐದಾರು ಜನ ಸಾಕು ಶುರು ಮಾಡೋಕೆ. ಆದ್ರೆ ಆ ಐದಾರು ಜನ ಯಾರು ಅನ್ನೋದು ಮುಖ್ಯ. ನಮ್ಮಲ್ಲಿ ನಿವಾಸಿಗಳ ಸಂಘ ಅಂದ್ರೆ ಸ್ವಂತ ಮನೆ ಇರೋರು, ರಿಟೈರ್ ಆದ ಗಂಡಸರು, ಇಷ್ಟೇ ಆಗಿಬಿಡುತ್ತೆ. ಬಾಡಿಗೆ ಮನೆಯವರನ್ನ ಕರಿಯೋದೇ ಇಲ್ಲ, ವಠಾರದವರನ್ನ ಕರಿಯಲ್ಲ, ಹಿಂದಿನ ಗಲ್ಲಿಲಿ ಇರೋ ಮನೆಗೆಲಸದ ಹೆಣ್ಣುಮಕ್ಕಳನ್ನ, ಮೂಲೆಲಿ ತರಕಾರಿ ಗಾಡಿ ನಿಲ್ಸೋರನ್ನ ಕರಿಯಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತೆ ಎಷ್ಟು ಕೊಡ ಸಿಗುತ್ತೆ ಅನ್ನೋದು ಸಂಪ್ ಇರೋ ಮನೆಯವರಿಗೆ ಗೊತ್ತೇ ಇರಲ್ಲ, ಬೀದಿ ನಲ್ಲಿ ಹತ್ರ ನಿಲ್ಲೋರಿಗೆ ಗೊತ್ತು. ದಯವಿಟ್ಟು ಬಾಡಿಗೆದಾರರನ್ನ, ಹೆಂಗಸರನ್ನ, ಅಂಗಡಿಯವರನ್ನ ಮೊದಲ ದಿನದಿಂದಲೇ ಸೇರ್ಸ್ಕೊಳ್ಳಿ, ಆಮೇಲೆ ಕರೆದ್ರೆ ಅವರು ಬರಲ್ಲ, ಬಂದ್ರೂ ಮಾತಾಡಲ್ಲ.

ವಾಟ್ಸಾಪ್ ಗ್ರೂಪ್ ಮಾಡಿ, ಆದ್ರೆ ಅದರಲ್ಲಿ ಪಕ್ಷ, ಜಾತಿ, ಗುಡ್ ಮಾರ್ನಿಂಗ್ ಯಾವುದೂ ಬೇಡ, ವಾರ್ಡ್ ಕೆಲಸ ಮಾತ್ರ ಅಂತ ಮೊದಲೇ ಹೇಳ್ಬಿಡಿ. ಎಲೆಕ್ಷನ್ ಹತ್ರ ಬಂದಾಗ ಇದು ತುಂಬ ಕಷ್ಟ ಆಗುತ್ತೆ, ಆಗ ಅಡ್ಮಿನ್ ಗಟ್ಟಿಯಾಗಿರ್ಬೇಕು, ಯಾಕಂದ್ರೆ ನಾಳೆ ಯಾರೇ ಗೆದ್ರೂ ನೀವು ಅವರ ಹತ್ರಾನೇ ಹೋಗ್ಬೇಕು.

ರಿಜಿಸ್ಟರ್ ಮಾಡಿಸ್ಬೇಕಾ ಅಂತ ಎಲ್ರೂ ಕೇಳ್ತಾರೆ. ಶುರುಲಿ ಬೇಡ. ಆರು ತಿಂಗಳು ಒಟ್ಟಿಗೆ ಕೆಲಸ ಮಾಡಿ, ಜನ ನಿಲ್ತಾರೆ ಅಂತ ಗೊತ್ತಾದ್ಮೇಲೆ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಇದ್ರೆ ಸಂಘ ನೋಂದಣಿ ಆಗುತ್ತೆ. ಅನುಕೂಲ ಏನಂದ್ರೆ ಬ್ಯಾಂಕ್ ಅಕೌಂಟ್ ತೆಗೀಬಹುದು, ವಾರ್ಡ್ ಕಮಿಟಿಲಿ ನಿವಾಸಿ ಸಂಘಗಳಿಗೆ ಅಂತ ಇರೋ ಜಾಗಕ್ಕೆ ಹೆಸರು ಕೊಡಬಹುದು, ಕೆರೆ ಅಥವಾ ಪಾರ್ಕ್ ನೋಡ್ಕೊಳ್ಳೋಕೆ ಒಪ್ಪಂದ ಮಾಡ್ಕೋಬಹುದು. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇದಕ್ಕೆ ಒಳ್ಳೆ ಉದಾಹರಣೆ, ಅಕ್ಕಪಕ್ಕದವರು ಸೇರಿ 2010ರಲ್ಲಿ ಟ್ರಸ್ಟ್ ಮಾಡಿದ್ರು, ಮರುವರ್ಷ ಬಿಬಿಎಂಪಿ ಜೊತೆ ಒಪ್ಪಂದ ಮಾಡ್ಕೊಂಡು ಕೆರೆ ನಿರ್ವಹಣೆ ವಹಿಸ್ಕೊಂಡ್ರು. ಬರೀ ಗುಂಪಾಗಿದ್ದಿದ್ರೆ ಸಹಿ ಹಾಕೋಕೆ ಯಾರ ಹೆಸರೂ ಇರ್ತಿರಲಿಲ್ಲ. ಆದ್ರೆ ನೋಂದಣಿ ಆದ್ಮೇಲೆ ಪ್ರತಿ ವರ್ಷ ಸಭೆ, ಲೆಕ್ಕಪತ್ರ, ಆಡಿಟ್ ಎಲ್ಲ ಸಲ್ಲಿಸ್ಬೇಕು, ಅದನ್ನ ಮಾಡೋ ತಾಳ್ಮೆ ಇರೋ ಒಬ್ರು ಖಜಾಂಚಿ ಇದ್ರೆ ಮಾತ್ರ ಆ ಕಡೆ ಹೋಗಿ.

ನಡ್ಕೊಂಡು ಹೋಗಿ, ಒಂದೇ ಕೆಲಸ ಆರಿಸ್ಕೊಳ್ಳಿ

ಒಂದು ಭಾನುವಾರ ಬೆಳಿಗ್ಗೆ ಎಲ್ರೂ ಸೇರಿ ವಾರ್ಡ್ ಸುತ್ತಿ. ಕೈಲಿ ಟೇಪು, ಒಂದು ನೋಟ್‌ಬುಕ್ಕು, ಫೋನ್. ಕಂಡಿದ್ದೆಲ್ಲ ಬರ್ಕೊಳ್ಳಿ, ಒಡೆದ ಸ್ಲ್ಯಾಬ್, ಉರೀದೇ ಇರೋ ಕಂಬದ ನಂಬರ್, ಕಸ ಸುರಿಯೋ ಜಾಗ, ಬಾಗಿರೋ ಮರದ ಕೊಂಬೆ. ಮನೆಗೆ ಬಂದು ಎರಡು ಪಟ್ಟಿ ಮಾಡಿ. ಒಂದು, ಈಗಲೇ ಫೋನಲ್ಲಿ ಅಥವಾ ಆಪ್‌ನಲ್ಲಿ ದೂರು ಕೊಟ್ರೆ ಆಗೋದು: ದೀಪ, ಕಸ, ಗುಂಡಿ. ಇನ್ನೊಂದು, ದುಡ್ಡು ಇಟ್ಟು ಟೆಂಡರ್ ಆಗ್ಬೇಕಾಗಿರೋದು: ಹೊಸ ಚರಂಡಿ, ಫುಟ್‌ಪಾತ್, ಅಂಗನವಾಡಿ ಕಾಂಪೌಂಡ್, ಪಾರ್ಕ್. ಈ ಎರಡನೇ ಪಟ್ಟಿಲಿ ಇಪ್ಪತ್ತು ಇರುತ್ವೆ, ಅದರಲ್ಲಿ ಈ ವರ್ಷಕ್ಕೆ ಒಂದು, ಹೆಚ್ಚಂದ್ರೆ ಎರಡು ಆರಿಸಿ. ಇಪ್ಪತ್ತೂ ಕೇಳಿದ್ರೆ ಅಧಿಕಾರಿ ತನಗೆ ಸುಲಭ ಆಗಿರೋದನ್ನ ಮಾಡಿ "ನೀವು ಕೇಳಿದ್ದು ಮಾಡಿದೀವಲ್ಲ" ಅಂತಾರೆ.

ಆರಿಸುವಾಗ ನನ್ನ ಅಭಿಪ್ರಾಯ ಕೇಳಿದ್ರೆ, ಅಂದ ಚೆಂದದ ಕೆಲಸಕ್ಕಿಂತ ಮೊದಲು ಮಕ್ಕಳು, ವಯಸ್ಸಾದವರು ನಡೆಯೋ ಜಾಗ ತಗೊಳ್ಳಿ. ಬಡಾವಣೆ ಹೆಸರಿನ ಕಮಾನು ಮುಂದಿನ ವರ್ಷ ಆದ್ರೂ ನಡಿಯುತ್ತೆ, ಅಂಗನವಾಡಿ ಮುಂದೆ ತೆರೆದ ಚರಂಡಿ ಕಾಯಲ್ಲ.

ಅರ್ಜಿ ಬರಿಯೋದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಎಲ್ಲ ಇದರ ಮೇಲೇ ನಿಂತಿರೋದು. "ನಮ್ಮ ವಾರ್ಡಿನಲ್ಲಿ ಮೂಲಭೂತ ಸೌಕರ್ಯಗಳ ಕೊರತೆ ಇದ್ದು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಅಂತ ಬರೆದ ಅರ್ಜಿ ಫೈಲ್ ಸೇರುತ್ತೆ ಅಷ್ಟೇ, ಯಾಕಂದ್ರೆ ಅದನ್ನ ಓದಿದ ಜೆಇಗೆ ಏನು ಎಸ್ಟಿಮೇಟ್ ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಹೀಗೆ ಬರೀರಿ:

"ವಿಷಯ: 3ನೇ ಅಡ್ಡರಸ್ತೆಯ ಅಂಗನವಾಡಿ ಕೇಂದ್ರದ ಮುಂಭಾಗದ ತೆರೆದ ಚರಂಡಿಗೆ ಸ್ಲ್ಯಾಬ್ ಅಳವಡಿಸುವ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಬಗ್ಗೆ. ಸದರಿ ಚರಂಡಿಯು ಸುಮಾರು 12 ಮೀಟರ್ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಆಳ ಇರುತ್ತದೆ. ಪ್ರತಿದಿನ ಮಕ್ಕಳು ಇದನ್ನು ದಾಟಿ ಹೋಗುತ್ತಾರೆ. ಫೋಟೋ ಮತ್ತು ಕೈನಕ್ಷೆ ಲಗತ್ತಿಸಿದೆ."

ಇಷ್ಟೇ. ಒಂದು ಅರ್ಜಿಗೆ ಒಂದೇ ಕೆಲಸ, ಜಾಗ ಇಂಥದ್ದೇ ಅಂತ ಸ್ಪಷ್ಟವಾಗಿ, ಅಳತೆ, ಯಾವ ಬಜೆಟ್ ಸಾಲಿಗೆ ಬೇಕು, ಕೆಳಗೆ ಸಹಿಗಳು ಮನೆ ನಂಬರ್ ಸಮೇತ. ಎರಡು ಪ್ರತಿ ತಗೊಂಡ್ಹೋಗಿ, ಟಪಾಲು ಸೆಕ್ಷನ್‌ನಲ್ಲಿ ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೇ ಬನ್ನಿ. ಸಾಹೇಬ್ರ ಕೈಗೆ ಕೊಟ್ಟೆ, ಅವರು ಆಯ್ತು ನೋಡೋಣ ಅಂದ್ರು, ಇದು ಲೆಕ್ಕಕ್ಕಿಲ್ಲ. ಆ ನಂಬರ್ ಇದ್ರೆ ಮುಂದಿನ ತಿಂಗಳು ಹೋಗಿ "ಸಾರ್, ಇಂಥ ನಂಬರ್ ಅರ್ಜಿ ಯಾವ ಟೇಬಲ್‌ನಲ್ಲಿದೆ" ಅಂತ ಕೇಳಬಹುದು, ನಂಬರ್ ಇಲ್ಲದಿದ್ರೆ ಮತ್ತೆ ಮೊದಲಿಂದ ಕಥೆ ಹೇಳ್ಬೇಕು.

ಅದೇ ಅರ್ಜಿದು ಒಂದು ಪ್ರತಿ ವಾರ್ಡ್ ಸದಸ್ಯರಿಗೂ ಕೊಡಿ. ಅವರು ಅದನ್ನ ಸಾಮಾನ್ಯ ಸಭೆಲಿ ಎತ್ತಿದ್ರೆ ನಡವಳಿಲಿ (ಸಭೆಯ ಬರಹದ ವರದಿ) ದಾಖಲಾಗುತ್ತೆ, ಠರಾವು (ಸಭೆಯ ನಿರ್ಣಯ) ಆದ್ರಂತೂ ಅರ್ಧ ದಾರಿ ಮುಗೀತು.

ಯಾವ ತಿಂಗಳಲ್ಲಿ ಹೋಗ್ಬೇಕು

ನಗರಸಭೆ, ಪುರಸಭೆ, ಪಾಲಿಕೆಗಳ ವರ್ಷ ಏಪ್ರಿಲ್ 1ಕ್ಕೆ ಶುರು ಆಗುತ್ತೆ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ "ಬಜೆಟ್ ಪೂರ್ವಭಾವಿ ಸಭೆ" ಅಂತ ಕರೀತಾರೆ, ಸಾರ್ವಜನಿಕರು, ಸಂಘ ಸಂಸ್ಥೆಗಳವರು ಬಂದು ಸಲಹೆ ಕೊಡಿ ಅಂತ ಪೇಪರ್‌ನಲ್ಲಿ ಒಳಗಡೆ ಪುಟದಲ್ಲಿ ಸಣ್ಣದಾಗಿ ಪ್ರಕಟಣೆ ಬರುತ್ತೆ, ನೋಟಿಸ್ ಬೋರ್ಡ್‌ನಲ್ಲಿ ಹಾಕ್ತಾರೆ. ತುಂಬ ಊರುಗಳಲ್ಲಿ ಈ ಸಭೆಗೆ ಬರೋರೇ ಕಮ್ಮಿ, ಬಂದವರು ತಮ್ಮ ಮನೆ ಮುಂದಿನ ದೀಪದ ವಿಷಯ ಹೇಳಿ ಹೋಗ್ತಾರೆ. ನೀವು ಹತ್ತು ಜನ ಒಂದೇ ಬೇಡಿಕೆ ಇಟ್ಕೊಂಡು, ಅಳತೆ ಫೋಟೋ ಸಮೇತ ಹೋದ್ರೆ ಅಧ್ಯಕ್ಷರು ಅಧಿಕಾರಿಗಳು ಕಿವಿ ಕೊಡ್ಲೇಬೇಕಾಗುತ್ತೆ. ಡಿಸೆಂಬರ್ ಮೊದಲ ವಾರದಲ್ಲೇ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ "ಪೂರ್ವಭಾವಿ ಸಭೆ ಯಾವಾಗ" ಅಂತ ಕೇಳಿ, ಗೊತ್ತಿಲ್ಲ ಅಂದ್ರೆ ಅದನ್ನೇ ಬರವಣಿಗೆಲಿ ಕೇಳಿ. ಬೆಂಗಳೂರಲ್ಲಿ ಜನಾಗ್ರಹ ಸಂಸ್ಥೆ 2015ರಿಂದ "ನನ್ನ ನಗರ ನನ್ನ ಬಜೆಟ್" ಅಂತ ಅಭಿಯಾನ ನಡೆಸಿ ವಾರ್ಡ್‌ಗಳಿಂದ ಬೇಡಿಕೆ ಸಂಗ್ರಹಿಸಿ ಪಾಲಿಕೆಗೆ ಕೊಡ್ತಾ ಬಂದಿದೆ, ಅಂಥದ್ದು ನಡೆದಾಗ ಅದರಲ್ಲೂ ನಿಮ್ಮ ಬೇಡಿಕೆ ಹಾಕಿ.

ಬಜೆಟ್ ಪುಸ್ತಕ ನೋಡೋಕೆ ಹೆದರ್ಕೋಬೇಡಿ. ಒಂದು ಕಡೆ ಜಮೆ, ಒಂದು ಕಡೆ ಖರ್ಚು. ಕೆಲವು ದುಡ್ಡು ಇಂಥದ್ದಕ್ಕೇ ಅಂತ ಕಟ್ಟಿಟ್ಟಿರುತ್ತೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶೇ 24.10 ಪರಿಶಿಷ್ಟ ಜಾತಿ ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ವಿಕಲಚೇತನರಿಗೆ ಅಂತ ಇಡ್ತಾರೆ. ಈ ಮೂರು ಹೆಸರು ಬಾಯಲ್ಲಿರಲಿ. ನಿಮ್ಮ ವಾರ್ಡ್‌ನ ಕಾಲೋನಿಗೆ, ವಿಕಲಚೇತನರಿಗೆ ಆಗ್ಬೇಕಾದ ಕೆಲಸಕ್ಕೆ ದುಡ್ಡಿಲ್ಲ ಅಂತ ಯಾರಾದ್ರೂ ಅಂದ್ರೆ, ಈ ಹೆಡ್‌ನಲ್ಲಿ ಈ ವರ್ಷ ಎಷ್ಟು ಖರ್ಚಾಗಿದೆ ಎಷ್ಟು ಉಳಿದಿದೆ ಅಂತ ಕೇಳಿ. ಎಷ್ಟೋ ಕಡೆ ಈ ಹಣ ಮಾರ್ಚ್ ಕೊನೆಗೆ ಬಂದ್ರೂ ಹಾಗೇ ಬಿದ್ದಿರುತ್ತೆ, ಕೇಳೋರು ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ. ದೊಡ್ಡ ಕೆಲಸ ಆದ್ರೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ ಇರುತ್ತೆ, ಅಲ್ಲೂ ಒಂದು ಅರ್ಜಿ ಇರಲಿ.

ಮಾರ್ಚ್‌ನಲ್ಲಿ ಬಜೆಟ್ ಪಾಸ್ ಆಯ್ತು ಅಂತ ಸುಮ್ಮನೆ ಕೂರ್ಬೇಡಿ. ಬಜೆಟ್‌ನಲ್ಲಿ "ಚರಂಡಿ ಕಾಮಗಾರಿ, ಇಷ್ಟು ಲಕ್ಷ" ಅಂತ ಒಟ್ಟಿಗೆ ಇರುತ್ತೆ, ಯಾವ ಬೀದಿ ಅನ್ನೋದು ಬರೋದು ಕ್ರಿಯಾ ಯೋಜನೆಲಿ. ಅದು ಆಮೇಲಿನ ತಿಂಗಳುಗಳಲ್ಲಿ ತಯಾರಾಗುತ್ತೆ, ಆಗ ಜೆಇ ಹತ್ರ ಹೋಗಿ ನಿಮ್ಮ ಬೀದಿ ಹೆಸರು ಪಟ್ಟಿಲಿ ಇದೆಯಾ ಅಂತ ಕಣ್ಣಾರೆ ನೋಡಿ ಬನ್ನಿ. ಪೂರ್ವಭಾವಿ ಸಭೆಲಿ ಒಪ್ಕೊಂಡಿದ್ದು ಕ್ರಿಯಾ ಯೋಜನೆಲಿ ಮಾಯ ಆಗೋದು ಇಲ್ಲೇ.

ವಾರ್ಡ್ ಕಮಿಟಿ

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು, 3 ಲಕ್ಷಕ್ಕಿಂತ ಜಾಸ್ತಿ ಜನ ಇರೋ ಊರುಗಳಲ್ಲಿ ವಾರ್ಡ್ ಕಮಿಟಿ ಇರ್ಲೇಬೇಕು ಅಂತ ಅದು ಹೇಳುತ್ತೆ. ನಮ್ಮ ರಾಜ್ಯದ ಪಾಲಿಕೆಗಳಿಗೆ 2016ರ ನಿಯಮ ಇದೆ: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂರು ಜನ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳ ಕಡೆಯವರು. ತಿಂಗಳಿಗೊಂದು ಮೀಟಿಂಗ್. ಬೆಂಗಳೂರಲ್ಲಿ ತಿಂಗಳ ಮೊದಲ ಶನಿವಾರ ಅಂತ ರೂಢಿ ಮಾಡಿದ್ರು, 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ನೋಡಲ್ ಅಧಿಕಾರಿಗಳು ಸಭೆ ನಡೆಸ್ತಿದ್ರು. ಹೊಸ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಲೂ ವಾರ್ಡ್ ಕಮಿಟಿ ಇದೆ. ಬೇರೆ ಪಾಲಿಕೆ ಊರಿನವರು, ಮೈಸೂರು, ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿ, ಎಲ್ಲೇ ಇರಲಿ, ನಿಮ್ಮ ವಾರ್ಡ್‌ಗೆ ಕಮಿಟಿ ಆಗಿದೆಯಾ, ಸದಸ್ಯರು ಯಾರು, ಹಿಂದಿನ ಸಭೆ ನಡವಳಿ ಎಲ್ಲಿ ಅಂತ ಕೇಳಿ. ಆಗಿಲ್ಲ ಅಂದ್ರೆ ಆಗ್ಬೇಕು ಅಂತ ಕೇಳೋದೇ ನಿಮ್ಮ ಮೊದಲ ಕೆಲಸ.

ಸಭೆಗೆ ಹೋದಾಗ ಒಂದು ವಿಷಯ ಗಮನದಲ್ಲಿರಲಿ. ಅಲ್ಲಿ ಒಬ್ಬೊಬ್ಬರೂ ಹಳೆ ಸಿಟ್ಟೆಲ್ಲ ತೆಗೆದ್ರೆ ಅರ್ಧ ಗಂಟೆಲಿ ಮೀಟಿಂಗ್ ಮುಗಿದು ಟೀ ಕುಡ್ಕೊಂಡು ಎದ್ದು ಹೋಗ್ತಾರೆ, ಏನೂ ದಾಖಲಾಗಿರಲ್ಲ. ಹಾಗಾಗಿ ಮೊದಲೇ ಹಂಚ್ಕೊಳ್ಳಿ, ಒಬ್ರು ಮಾತಾಡೋದು, ಒಬ್ರು ಬರ್ಕೊಳ್ಳೋದು, ಒಬ್ರು ಹಿಂದಿನ ಸಭೆ ನಡವಳಿ ಹಿಡ್ಕೊಂಡು "ಹೋದ ಸಲ ಇದನ್ನ ಹದಿನೈದು ದಿನದಲ್ಲಿ ಮಾಡ್ತೀವಿ ಅಂದಿದ್ರಿ, ಏನಾಯ್ತು" ಅಂತ ಕೇಳೋದು. ಸಭೆ ಮುಗಿಯೋ ಮುಂಚೆ ಯಾವ ಅಧಿಕಾರಿ, ಯಾವ ಕೆಲಸ, ಯಾವ ತಾರೀಕು ಅಂತ ಮೂರನ್ನೂ ಜೋರಾಗಿ ಓದಿ ಹೇಳಿ, ಅದು ನಡವಳಿಗೆ ಬರಲಿ.

ಹಳ್ಳಿ ಕಡೆಯವರಿಗೆ ಇನ್ನೂ ಬಲ ಜಾಸ್ತಿ

ಇದನ್ನ ತುಂಬ ಜನ ಗಮನಿಸಲ್ಲ. ಪೇಟೆಯವರಿಗೆ ವಾರ್ಡ್ ಕಮಿಟಿಲಿ ಹತ್ತು ಜನಕ್ಕೆ ಜಾಗ, ಗ್ರಾಮ ಪಂಚಾಯಿತಿಲಿ ಮತದಾರರ ಪಟ್ಟಿಲಿ ಹೆಸರಿರೋ ಪ್ರತಿಯೊಬ್ರೂ ಗ್ರಾಮಸಭೆ ಸದಸ್ಯರು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಆರು ತಿಂಗಳಿಗೆ ಒಂದು ಸಲ ಆದ್ರೂ ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ ನಡೀಬೇಕು. ವಾರ್ಡ್ ಸಭೆಲಿ ಬಂದ ಬೇಡಿಕೆ ಗ್ರಾಮಸಭೆಗೆ ಹೋಗುತ್ತೆ, ಅಲ್ಲಿಂದ "ನಮ್ಮ ಗ್ರಾಮ ನಮ್ಮ ಯೋಜನೆ" ಪಟ್ಟಿಗೆ ಸೇರುತ್ತೆ. ಮನೆ ಹಂಚಿಕೆ ಫಲಾನುಭವಿಗಳ ಆಯ್ಕೆ ಕೂಡ ಗ್ರಾಮಸಭೆಲೇ ಆಗ್ಬೇಕು, ಯಾರದೋ ಮನೆ ಜಗಲಿ ಮೇಲೆ ಅಲ್ಲ.

ಕೋರಂ, ಅಂದ್ರೆ ಸಭೆ ನಡೆಯೋಕೆ ಕನಿಷ್ಠ ಎಷ್ಟು ಜನ ಇರ್ಬೇಕು ಅನ್ನೋದು, ಗೊತ್ತಿರಲಿ: ಗ್ರಾಮಸಭೆಗೆ ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಮ್ಮಿಯೋ ಅದು. ನಾಲ್ಕು ಜನ ಕೂತು ಮಿಕ್ಕವರ ಸಹಿ ಆಮೇಲೆ ಮನೆಮನೆಗೆ ಪುಸ್ತಕ ಕಳಿಸಿ ಹಾಕಿಸ್ಕೊಂಡ್ರೆ ಅದು ಸಭೆ ಅಲ್ಲ, ಅಂಥ ಪುಸ್ತಕಕ್ಕೆ ಸಹಿ ಹಾಕ್ಬೇಡಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಟ್ಟಿಗೆ ಬಂದ್ರೆ ಸಭೆ ರೀತಿನೇ ಬದಲಾಗುತ್ತೆ, ನೀರು, ಶೌಚಾಲಯ, ಶಾಲೆ ಬಿಸಿಯೂಟ, ಬೀದಿ ದೀಪ ಇವೆಲ್ಲ ಅವರ ಬಾಯಿಂದಾನೇ ಬರೋದು. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಅಂತ ಬೇರೆಯಾಗೂ ನಡೆಸ್ತಾರೆ, ಮಕ್ಕಳ ಸಭೆಗೆ ಶಾಲೆ ಮೇಷ್ಟ್ರು ಜೊತೆ ಮಾತಾಡಿ ಮಕ್ಕಳೇ ಬೇಡಿಕೆ ಬರ್ಕೊಂಡು ಬರೋ ಹಾಗೆ ಮಾಡಿ.

ಇನ್ನೊಂದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯ್ತಿ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲ ಜನರ ಮುಂದೆ ಇಡ್ಬೇಕು, ಜಾಗಕ್ಕೆ ಹೋಗಿ ಕೆಲಸ ನೋಡ್ಬೇಕು. ಆ ದಿನ ಊರಲ್ಲಿ ಇರಿ. ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗರು ಹಬ್ಬಕ್ಕೆ ರಜ ಹಾಕೋ ಹಾಗೆ ಜಮಾಬಂದಿಗೆ ಒಂದು ದಿನ ರಜ ಹಾಕಿ ಊರಿಗೆ ಹೋದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ.

ಕಾಗದ ಕೇಳೋದು: ಮಾಹಿತಿ ಹಕ್ಕು

ಮಾಹಿತಿ ಹಕ್ಕು ಕಾಯ್ದೆ 2005, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಿಪಿಎಲ್ ಕಾರ್ಡ್ ಇರೋರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಲಿ ಒಂದೇ ವಿಷಯ, 150 ಪದದ ಒಳಗೆ ಇರ್ಬೇಕು, ಇದು ಗೊತ್ತಿಲ್ಲದೆ ಎಷ್ಟೋ ಅರ್ಜಿ ವಾಪಸ್ ಬರುತ್ವೆ. ಉತ್ತರ ಬರದಿದ್ರೆ ಅಥವಾ ತಪ್ಪಾಗಿದ್ರೆ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

"ನಮ್ಮ ರಸ್ತೆ ಯಾಕೆ ಮಾಡಿಲ್ಲ" ಅಂತ ಕೇಳ್ಬೇಡಿ, ಯಾಕೆ ಅನ್ನೋದಕ್ಕೆ ಅವರು ಉತ್ತರ ಕೊಡ್ಬೇಕಾಗಿಲ್ಲ. ಇರೋ ಕಾಗದ ಕೇಳಿ: ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು, ಇವುಗಳ ದೃಢೀಕೃತ ಪ್ರತಿ. ಫೈಲ್ ಕೂತು ನೋಡೋಕೂ ಕಾಯ್ದೆಲಿ ಹಕ್ಕಿದೆ, ಅದನ್ನ ಬಳಸಿ, ಎಷ್ಟೋ ಸಲ ಕೂತು ನೋಡಿದಾಗ್ಲೇ ಯಾವ ಹಾಳೆ ಬೇಕು ಅಂತ ಗೊತ್ತಾಗೋದು. ಆದ್ರೆ ಇದನ್ನ ಹೆದರಿಸೋಕೆ, ಯಾರ ಮೇಲೋ ಹಠ ಸಾಧಿಸೋಕೆ ಬಳಸ್ಬೇಡಿ, ಒಂದೇ ಸಲಕ್ಕೆ ಹತ್ತು ಅರ್ಜಿ ಹಾಕಿದ್ರೆ ಆಫೀಸಲ್ಲಿ ನಿಮ್ಮ ಸಂಘದ ಹೆಸರು ಕೇಳಿದ್ರೇನೇ ಬಾಗಿಲು ಹಾಕ್ಕೊಳ್ತಾರೆ. ಮೊದಲು ಬಾಯಿಮಾತಲ್ಲಿ ಕೇಳಿ, ಆಮೇಲೆ ಪತ್ರ, ಅದೂ ಆಗದಿದ್ರೆ ಮಾಹಿತಿ ಹಕ್ಕು.

ಜನನ ಪ್ರಮಾಣಪತ್ರದ ಥರದ ಸೇವೆಗಳಿಗೆ ಇದು ಬೇಕಿಲ್ಲ, ಸಕಾಲ (ನಿಗದಿತ ದಿನದೊಳಗೆ ಸೇವೆ ಕೊಡಿಸೋ ಕಾಯ್ದೆ) ಇದೆ, ಅರ್ಜಿ ಹಾಕುವಾಗ ಸಕಾಲ ಸಂಖ್ಯೆ ತಗೊಳ್ಳಿ. ತಡ ಆದ್ರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳೋ ಹಕ್ಕು ಆ ಕಾಯ್ದೆಲಿದೆ.

ಕೆಲಸ ಶುರುವಾದ್ಮೇಲೆ

ಇಲ್ಲಿವರೆಗೆ ಬಂದವರಲ್ಲೂ ಹೆಚ್ಚಿನವರು ಜೆಸಿಬಿ ಬಂದ ದಿನ ಪೂಜೆ ಮಾಡಿ, ಸ್ವೀಟ್ ಹಂಚಿ ನಿಲ್ಲಿಸ್ಬಿಡ್ತಾರೆ. ನಿಜವಾದ ಕೆಲಸ ಅವತ್ತು ಶುರು. ಅಂದಾಜು ಪಟ್ಟಿ ನಿಮ್ಮ ಕೈಲಿ ಇರಲಿ. ಚರಂಡಿ ಅಂದ್ರೆ ಎಷ್ಟು ಆಳ ಅಗೀಬೇಕು, ಕೆಳಗೆ ಬೆಡ್ ಕಾಂಕ್ರೀಟ್ ಎಷ್ಟು ಇಂಚು, ಗೋಡೆ ಎಷ್ಟು ದಪ್ಪ, ಕಬ್ಬಿಣ ಎಷ್ಟು ಎಂಎಂ, ಸ್ಲ್ಯಾಬ್ ಎಷ್ಟು ದಪ್ಪ, ಎಲ್ಲ ಅದರಲ್ಲಿರುತ್ತೆ. ಕಾಂಕ್ರೀಟ್ ಹಾಕೋದಕ್ಕೆ ಮುಂಚೆ ಗುಂಡಿ ಒಳಗೆ ಟೇಪು ಇಳಿಸಿ ಅಳತೆ ಕಾಣೋ ಹಾಗೆ ಫೋಟೋ ತೆಗೀರಿ, ಕಬ್ಬಿಣ ಕಟ್ಟಿದಾಗ ಇನ್ನೊಂದು, ಮುಚ್ಚಿದ ಮೇಲೆ ಏನೂ ಗೊತ್ತಾಗಲ್ಲ. ಕಾಂಕ್ರೀಟ್ ಹಾಕಿದ ಮೇಲೆ ನೀರು ಹೊಡೀತಿದಾರಾ ನೋಡಿ, ಬೇಸಿಗೆಲಿ ಕ್ಯೂರಿಂಗ್ ಇಲ್ಲದೆ ಬಿಟ್ಟ ಗೋಡೆ ಮೊದಲ ಮಳೆಗೇ ಬಿರುಕು ಬಿಡುತ್ತೆ. ಇಳಿಜಾರು ಯಾವ ಕಡೆ ಇದೆ ಅಂತ ಒಂದು ಬಕೆಟ್ ನೀರು ಸುರಿದು ನೋಡಿ, ಮೇಲಿನ ಮನೆ ಹತ್ರ ಸುರಿದಿದ್ದು ಕೆಳಗಿನ ದೊಡ್ಡ ಮೋರಿಗೆ ಹೋಗಿ ಸೇರ್ಬೇಕು, ಮಧ್ಯದಲ್ಲಿ ನಿಂತ್ರೆ ಅವತ್ತೇ ಹೇಳಿ.

ಗುತ್ತಿಗೆದಾರರ ಜೊತೆ ಜಗಳ ಬೇಡ, ಲೇಬರ್ ಮೇಲೆ ಕೂಗಾಡೋದಂತೂ ಬೇಡವೇ ಬೇಡ, ಅವರು ಹೇಳಿದ್ದು ಮಾಡೋರು, ಅವರಿಗೆ ಕುಡಿಯೋಕೆ ನೀರು ಕೊಡಿ. ವ್ಯತ್ಯಾಸ ಕಂಡ್ರೆ ಜೆಇಗೆ, ಅವರ ಮೇಲಿನ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಫೋಟೋ ಸಮೇತ ಪತ್ರ ಕೊಡಿ, "ಅಳತೆ ಸರಿಪಡಿಸುವವರೆಗೆ ಬಿಲ್ ಪಾವತಿ ಮಾಡಬಾರದಾಗಿ ಕೋರಿಕೆ" ಅಂತ ಒಂದು ಸಾಲು ಸೇರಿಸಿ, ಪ್ರತಿಗೆ ಸೀಲು. ಬಿಲ್ ಆಗೋಕೆ ಮುಂಚೆ ಬಂದ ಆ ಒಂದು ಪತ್ರಕ್ಕೆ ಇರೋ ಬೆಲೆ, ಬಿಲ್ ಆದ್ಮೇಲೆ ಮಾಡೋ ಪ್ರತಿಭಟನೆಗಿಲ್ಲ. ಕೆಲಸ ಮುಗಿದ ಮೇಲೂ ಕೆಲವು ವರ್ಷ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತೆ, ಆಫೀಸಲ್ಲಿ ಡಿಎಲ್‌ಪಿ ಅಂತಾರೆ, ಅಷ್ಟರಲ್ಲಿ ಒಡೆದ್ರೆ ಗುತ್ತಿಗೆದಾರರೇ ಸ್ವಂತ ಖರ್ಚಲ್ಲಿ ರಿಪೇರಿ ಮಾಡ್ಬೇಕು. ಆ ಅವಧಿ ಯಾವತ್ತು ಮುಗಿಯುತ್ತೆ ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರ್ದಿಟ್ಕೊಳ್ಳಿ. ದುಡ್ಡು ತಿಂದಿರೋದು ದಾಖಲೆ ಸಮೇತ ಕಂಡ್ರೆ ಲೋಕಾಯುಕ್ತ ಇದೆ, ಆದ್ರೆ ಅಲ್ಲಿಗೆ ಗಾಳಿಮಾತು ತಗೊಂಡ್ಹೋಗ್ಬೇಡಿ.

ಆಕ್ಷೇಪಣೆ ಕರೆದಾಗ

ವಾರ್ಡ್ ಗಡಿ ಬದಲಾವಣೆ, ಮಾಸ್ಟರ್ ಪ್ಲಾನ್, ವಸತಿ ಜಾಗ ವಾಣಿಜ್ಯಕ್ಕೆ ಬದಲಾಯಿಸೋದು, ಮರ ಕಡಿಯೋದು, ಇಂಥದ್ದಕ್ಕೆಲ್ಲ ಕರಡು ಹೊರಡಿಸಿ ಆಕ್ಷೇಪಣೆ ಸಲಹೆ ಕರೀತಾರೆ, ದಿನ ಕಮ್ಮಿ ಇರುತ್ತೆ. ಗ್ರೂಪ್‌ನಲ್ಲಿ ಒಬ್ರಿಗೆ ಪೇಪರ್ ಪ್ರಕಟಣೆ ಮತ್ತು ಪಾಲಿಕೆ ವೆಬ್‌ಸೈಟ್ ನೋಡೋ ಕೆಲಸ ವಹಿಸಿ. ಬೆಂಗಳೂರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂತ ಬಂದಾಗ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆಲಿ ಕೈಕೈ ಹಿಡ್ಕೊಂಡು ನಿಂತ್ರು, ಹಸಿರು ನ್ಯಾಯಮಂಡಳಿವರೆಗೂ ಹೋಯ್ತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಡ್ತು. ಅದು ದೊಡ್ಡ ಗೆಲುವು, ನನಗೆ ಇವತ್ತಿಗೂ ಹೆಮ್ಮೆ ಇದೆ. ಆದ್ರೆ ತೀರ್ಮಾನ ಆದ್ಮೇಲೆ ನಿಲ್ಲಿಸೋಕೆ ಸಾವಿರಾರು ಜನ ಬೇಕಾಯ್ತು, ಕರಡು ಹಂತದಲ್ಲಿ ಸರಿಯಾಗಿ ಬರೆದ ಐವತ್ತು ಆಕ್ಷೇಪಣೆ ಪತ್ರಕ್ಕೂ ತೂಕ ಇರುತ್ತೆ. ಒಂದೇ ಪತ್ರ ಜೆರಾಕ್ಸ್ ಮಾಡಿ ಐವತ್ತು ಜನ ಸಹಿ ಹಾಕೋದಕ್ಕಿಂತ, ಪ್ರತಿಯೊಬ್ರೂ ತಮ್ಮ ತೊಂದರೆ ಏನು ಅಂತ ನಾಲ್ಕು ಸಾಲು ಸ್ವಂತವಾಗಿ ಬರೆದ್ರೆ ಒಳ್ಳೇದು.

ಬೀದಿ ವ್ಯಾಪಾರಿಗಳ ವಿಷಯ ಬಂದಾಗ ನಿವಾಸಿ ಸಂಘಗಳು ಬರೀ "ಎತ್ತಂಗಡಿ ಮಾಡಿ" ಅಂತ ಬರೀತಾವೆ, ಇದು ನನಗೆ ಸರಿ ಅನ್ಸಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು, ಅದರಲ್ಲಿ ಶೇ 40 ವ್ಯಾಪಾರಿಗಳ ಪ್ರತಿನಿಧಿಗಳು, ನಿವಾಸಿ ಸಂಘಗಳಿಗೂ ಜಾಗ ಇದೆ. ಅಲ್ಲಿ ಕೂತು ಗಾಡಿ ಎಲ್ಲಿ ನಿಲ್ಬೇಕು, ನಡೆಯೋಕೆ ಎಷ್ಟು ಜಾಗ ಬಿಡ್ಬೇಕು ಅಂತ ಮಾತಾಡಿ ಮುಗಿಸ್ಕೊಳ್ಳಿ, ಬೆಳಿಗ್ಗೆ ಸೊಪ್ಪು ಅವರ ಹತ್ರಾನೇ ತಗೊಳ್ತೀವಲ್ಲ.

ಫೈಲು ಮತ್ತು ಮತದಾರರ ಪಟ್ಟಿ

ಎಲ್ಲ ಅರ್ಜಿ ಪ್ರತಿ, ಸೀಲು ಇರೋದು, ಫೋಟೋ ಪ್ರಿಂಟು, ನಡವಳಿ, ಅಂದಾಜು ಪಟ್ಟಿ, ಮಾಹಿತಿ ಹಕ್ಕು ಉತ್ತರ, ತಾರೀಕು ಪ್ರಕಾರ ಒಂದು ಬಾಕ್ಸ್ ಫೈಲ್‌ನಲ್ಲಿ ಇಡಿ, ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೂ ಹಾಕಿ. ಅಧಿಕಾರಿಗಳು ವರ್ಗ ಆಗ್ತಾ ಇರ್ತಾರೆ, ಹೊಸಬರು ಬಂದಾಗ ಆ ಫೈಲ್ ತಗೊಂಡ್ಹೋಗಿ ಪರಿಚಯ ಮಾಡ್ಕೊಂಡ್ರೆ ಹಳೆ ಕೆಲಸ ಮುಂದುವರಿಯುತ್ತೆ. ಫೈಲ್ ಒಬ್ಬರ ಮನೆಲೇ ಹತ್ತು ವರ್ಷ ಇರೋದು ಬೇಡ, ವರ್ಷಕ್ಕೊಮ್ಮೆ ಜವಾಬ್ದಾರಿ ಬದಲಾಯಿಸಿ, ಕಿರಿಯರಿಗೆ ಕೊಡಿ.

ಸ್ಥಳೀಯ ಚುನಾವಣೆಗೆ ಮತದಾರರ ಪಟ್ಟಿ ವಿಧಾನಸಭೆ ಪಟ್ಟಿಯಿಂದಾನೇ ಬರೋದು. ಮನೆ ಬದಲಾಯಿಸಿ ಮೂರು ವರ್ಷ ಆದ್ರೂ ಹೆಸರು ಹಳೆ ಏರಿಯಾದಲ್ಲೇ ಇರೋ ಬಾಡಿಗೆದಾರರು ನಿಮ್ಮ ಬೀದಿಲಿ ಎಷ್ಟು ಜನ ಇದಾರೆ ಅಂತ ಒಂದ್ಸಲ ಕೇಳಿ ನೋಡಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8, ಆನ್‌ಲೈನಲ್ಲೂ ಆಗುತ್ತೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ರಾನೂ ಕೊಡಬಹುದು. ಒಂದು ಭಾನುವಾರ ಪಾರ್ಕ್‌ನಲ್ಲಿ ಟೇಬಲ್ ಹಾಕಿ, ಬಿಎಲ್‌ಒ ಅವರನ್ನ ಕರೆದು, ಎರಡು ಲ್ಯಾಪ್‌ಟಾಪ್ ಇಟ್ಟು ಬೀದಿಯವರೆಲ್ಲರದ್ದೂ ಅವತ್ತೇ ಹಾಕಿಸಿ. ಚುನಾವಣೆ ಘೋಷಣೆ ಆದ್ಮೇಲೆ ಓಡಾಡಿದ್ರೆ ತಡ ಆಗಿರುತ್ತೆ, ಈ ತಿಂಗಳೇ ಮಾಡಿ.